ಮೂರು ಥೌ ಸಂದು

ಗೌಸ್‌ಪೀರ್ ಮಾಮುವಿನ ರೀಬೋರ್ ಅಂಗಡಿಗೆ
ಲಾರಿಯದಲ್ಲದ ಇಂಜಿನ್ನು ಬಂದದ್ದು ಅದೊಂದೇ ಸಲ.
ದಾವಣಗೆರೆಯ ಪೂನಾ ರೋಡು, ಹತ್ತಿ ಮಿಲ್ಲಿನ ಕಾಂಪೌಂಡಿಗೆ
ಆತುಕೊಂಡ ತಗಡಿನ ಶೆಡ್ಡು.
ನಾನು ಹದಿನಾಲ್ಕರವ, ವಾಲ್ವು ಉಜ್ಜುವ ಹುಡುಗ.

ತಾಡಪಾಲು ಸರಿಸಿದರೆ ಒಳಗೆ
ಮಿಡತೆಯಂಥ ಕಾರು. ಬಾಗಿಲಿಲ್ಲ, ಮಡ್‌ಗಾರ್ಡಿಲ್ಲ,
ಒಬ್ಬ ಕೂರಲು ತಾವು, ಅವನೂ ಸಣಕಲನಾದರೆ.
ಕೊಯಮತ್ತೂರಿನ ವರದರಾಜುಲು ಕೈಸನ್ನೆಯಲ್ಲೇ ಹೇಳಿದ:
ಓಡುತ್ತಿತ್ತು. ಕಚ್ಚಿಕೊಂಡಿತು.

ಹೆಡ್ಡು ಬಿಚ್ಚಿದಾಗ ಮೊದಲು ಹೊರಬಂದದ್ದು ವಾಸನೆ.
ಮಾಮು ಸ್ಪ್ಯಾನರು ಹಿಡಿದೇ ನಿಂತುಬಿಟ್ಟ.
"ಹರಳೆಣ್ಣೆ ಕಣಲೇ ಇದು!
ನಮ್ಮಮ್ಮ ನೆತ್ತಿಗೆ ತಟ್ಟುತ್ತಿದ್ದಳಲ್ಲ, ಅದೇ."
ಬೇರೆ ಎಣ್ಣೆ ಆ ಕಾವಿಗೆ ನೀರಾಗಿ ಜಾರುತ್ತದಂತೆ,
ಇದು ಲೋಹವನ್ನು ತಬ್ಬಿ ಹಿಡಿಯುತ್ತದಂತೆ.
ಚಳ್ಳಕೆರೆಯ ಗಾಣದವನಿಗೆ ಗೊತ್ತಿದ್ದದ್ದನ್ನು
ವಿಲಾಯಿತಿಯವರು ಎಷ್ಟು ಬೇರಿಂಗು ಸುಟ್ಟುಕೊಂಡು ಕಲಿತರೋ.

ರಾತ್ರಿ ಕರೆಂಟು ಹೋಯಿತು.
ಟಾರ್ಚು ನನ್ನ ಕೈಯಲ್ಲಿ, ಸೀಮೆಸುಣ್ಣ ಅವನ ಕೈಯಲ್ಲಿ,
ಜಿಡ್ಡು ನೆಲದ ಮೇಲೆ ಬರೆದು ಬರೆದು ಹೇಳಿದ:

ಮೊದಮೊದಲ ಇಂಜಿನ್ನು ಪಕ್ಕದ ಬಾಗಿಲಿಂದ ಉಸಿರಾಡುತ್ತಿತ್ತು,
ಹಿತ್ತಲಿಂದ ಸುತ್ತಿ ಬರುವ ನೆಂಟನ ಹಾಗೆ ಗಾಳಿ.
ಸಾಲಲಿಲ್ಲ. ವಾಲ್ವುಗಳನ್ನು ಮಾಳಿಗೆಗೆ ಹತ್ತಿಸಿದರು,
ಬೆಳಕಿಂಡಿ ತೆರೆದ ಹಾಗೆ.
ಕೆಳಗಿಂದ ನೂಕಲು ಉದ್ದುದ್ದ ಕಡ್ಡಿ;
ಓಟ ಜೋರಾದಾಗ ಕಡ್ಡಿ ಬಾಗಿತು, ಸ್ಪ್ರಿಂಗು ಸೋತಿತು,
ಮುಚ್ಚಬೇಕಾದ ವಾಲ್ವು ಮುಚ್ಚದೆ ತೇಲಿ
ಪಿಸ್ಟನ್ನು ಬಂದು ಹಣೆ ಚಚ್ಚಿಕೊಂಡಿತು.
ಆಮೇಲೆ ಕ್ಯಾಮನ್ನೇ ಮೇಲೇರಿಸಿದರು, ಒಂದಲ್ಲ, ಎರಡು,
ಉಸಿರೆಳೆಯಲು ಒಂದು, ಬಿಡಲು ಒಂದು.
ಇನ್ನೊಬ್ಬ ತಿದಿ ಕಟ್ಟಿದ, ಕಮ್ಮಾರನ ತಿದಿಯೇ ಅನ್ನು,
ಬಾಯಿಗೆ ಗಾಳಿ ತುರುಕಲು;
ಒಳಗಿನ ಉರಿ ತಣಿಯಲೆಂದು ಸಾರಾಯಿ ಕುಡಿಸಿದ.
ಕೊನೆಗೊಬ್ಬ ಎತ್ತನ್ನೇ ಗಾಡಿಯ ಹಿಂದೆ ಕಟ್ಟಿದ.
ನಕ್ಕರು.
ನಾಕು ವರ್ಷಕ್ಕೆ, ನಕ್ಕವರ ಎತ್ತೂ ಹಿಂದೆ.

"ಇದೆಲ್ಲ ನಿನಗ್ಯಾರು ಹೇಳಿದ್ರು ಮಾಮು?"
"ಅರ್ಧ, ಜಾಲಹಳ್ಳಿ ಕ್ಯಾಂಪಿನ ಇಟಲಿ ಕೈದಿ.
ಯುದ್ಧದ ಟೈಮು, ನಾನು ಅಲ್ಲಿ ಹೆಲ್ಪರು.
ಸುಣ್ಣದ ಗೋಡೆ ಮೇಲೆ ಇದ್ದಿಲಾಗೆ ಬರೀತಿದ್ದ,
ತನ್ನೂರಿನ ಕಾರು ನೆನೆಸಿ ಅಳ್ತಿದ್ದ, ಹೆಂಡ್ತಿ ನೆನೆಸಿ ಅಲ್ಲ.
ಉಳಿದರ್ಧ ಬಿಚ್ಚಿದ್ರೆ ಗೊತ್ತಾಕ್ಕತಿ.
ಯಾವ ಬೋಲ್ಟು ದಪ್ಪ ಐತೋ
ಅಲ್ಲಿ ಹಿಂದೊಮ್ಮೆ ಮುರಿದಿತ್ತು ಅಂತ ತಿಳ್ಕೊ."

ಎರಡಕ್ಕೆ ಕರೆಂಟು ಬಂತು.
ಬೆಳಗಾದರೆ ಲಾರಿ ಮದ್ರಾಸಿಗೆ, ಭಾನುವಾರ
ಶೋಳಾವರದ ಹಳೇ ವಿಮಾನಪಟ್ಟಿಯಲ್ಲಿ ರೇಸು.
ಲೈನರಿಗೆ ಹೊಸ ಬೀಡು ಬೇಡವೆಂದ: ಕಾದರೆ ಮುನಿಯುತ್ತದೆ, ಸೊಟ್ಟಗಾಗುತ್ತದೆ.
ಮಿಲ್ಲಿನ ಗುಜರಿಯಿಂದ ರೋಲರೊಂದನ್ನು ಉರುಳಿಸಿ ತಂದೆವು,
ಮೂವತ್ತು ಬೇಸಿಗೆ ಕಂಡು ಹಠ ಬಿಟ್ಟ ಬೀಡು.
ಲೇತಿಗೆ ಕಟ್ಟಿದಾಗ ಮೊದಲ ಪುಡಿಯ ಜೊತೆ
ಒಂದೆಳೆ ಹತ್ತಿ ಉದುರಿತು.

ಪಿಸ್ಟನ್ನಿಗೂ ಗೋಡೆಗೂ ಮೂರು ಥೌ ಸಂದು,
ಅಂಗುಲವನ್ನು ಸಾವಿರ ಸೀಳಿದರೆ ಅದರಲ್ಲಿ ಮೂರು.
ಕಡಿಮೆಯಾದರೆ ಕಚ್ಚುತ್ತದೆ, ಹೆಚ್ಚಾದರೆ ಹೊಗೆ.
ಮೈಕ್ರೋಮೀಟರು ನೋಡಿ, ನಂಬದೆ,
ಮಾಮು ಹೆಬ್ಬೆರಳು ಇಳಿಸಿ ಇನ್ನೊಮ್ಮೆ ನೋಡಿದ.
ಇಷ್ಟು ವರ್ಷ ಆ ಹೆಬ್ಬೆರಳಿನಂಥದ್ದನ್ನು ಹುಡುಕುತ್ತಿದ್ದೇನೆ.
ಈಗಿನ ಬ್ಲಾಕುಗಳಲ್ಲಿ ಕೊರೆಯಲು ಗೋಡೆಯನ್ನೇ ಉಳಿಸಿರುವುದಿಲ್ಲ.

ಸ್ಟಾರ್ಟ್ ಆದಾಗ ತಗಡುಗಳೆಲ್ಲ ಮಾತಾಡಿದವು.
ಮಿಲ್ಲಿನ ವಾಚ್‌ಮನ್ ಸೈರನ್ನು ಬೇಗ ಕೂಗಿತೆಂದು ಓಡಿಬಂದ.
ನೀಲಿ ಹೊಗೆ, ಇಡೀ ಬೀದಿಗೆ ಬಾಣಂತಿ ಕೋಣೆಯ ವಾಸನೆ.
ಕಾರು ಲಾರಿ ಹತ್ತಿತು. ಗೆದ್ದಿತೋ ಸೋತಿತೋ
ಯಾರೂ ಕಾಗದ ಬರೆಯಲಿಲ್ಲ.

ಬಿಟ್ಟು ಹೋದದ್ದು ಸವೆದ ಎರಡು ಟೈರು.
ಮಂಡಕ್ಕಿ ಭಟ್ಟಿಯ ಜಕ್ರಿಯಾ ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ
ಒಲೆಗೆ ಹಾಕಿದ. ಸಂಜೆ ಬಂದು ಗೊಣಗಿದ:
"ಎಂಥಾ ಮೆತ್ತನೆ ರಬ್ಬರ್ ಮಾರಾಯ, ಭಗ್ಗಂತ ಉರಿದುಹೋತು.
ಲಾರಿ ಟೈರಾದ್ರೆ ಎರಡು ತಾಸು ಬರ್ತಿತ್ತು.
ಇದು ಅರ್ಧ ಚೀಲ ಮಂಡಕ್ಕಿಗೂ ಸಾಲ್ಲಿಲ್ಲ."