ಎಂಟು ಗಂಟೆಯ ಮುಳ್ಳು

ಬೆಳಗ್ಗೆ ಎಂಟಕ್ಕೆ ಗುಂಡಿ ಒತ್ತುತ್ತೇನೆ.
ಘಟ್ಟದಾಚೆ, ನೂರಾ ಹದಿನೆಂಟು ಕಿಲೋಮೀಟರ್ ದೂರದಲ್ಲಿ
ಸುಯುನ್‌ಬೆಕ್‌ನ ಮೀಟರಿನ ಮುಳ್ಳು ಏಳುತ್ತದೆ.
ಅವನು ಒತ್ತಿದರೆ ನನ್ನದು.
ರಿಜಿಸ್ಟರಿನಲ್ಲಿ ಬರೆಯುತ್ತೇನೆ: ಹದಿನಾಲ್ಕು ಮಿಲಿ ಆಂಪಿಯರ್.
ಸಹಿ, ಜಿಪಾರಾ.
ಹನ್ನೊಂದು ವರ್ಷದ ಮಾತುಕತೆ ಇಷ್ಟೇ. ಮುಖ ನೋಡಿಲ್ಲ.

ಸೂಸಾಮಿರ್ ಕಣಿವೆಗೆ ಕರೆಂಟು ಹರಿವ ತಂತಿಯ ಮೇಲೇ
ಸಣ್ಣದೊಂದು ಶಿಳ್ಳೆ ಸವಾರಿ ಹೋಗುತ್ತದೆ
ಓಡುವ ಕುದುರೆಯ ಬೆನ್ನಮೇಲೆ ನೊಣ ಕೂತ ಹಾಗೆ.
ಅದು ದಾರಿ ತಪ್ಪಿ ಬೇರೆ ಲೈನಿಗೆ ನುಗ್ಗದಂತೆ
ಎರಡೂ ತುದಿಗೆ ಪೀಪಾಯಿಯಂಥ ಸುರುಳಿ ತೂಗುಹಾಕಿದ್ದಾರೆ.
ಗುಬ್ಬಿಗಳದ್ದು ಅದರೊಳಗೇ ಸಂಸಾರ.

ಹೊಸ ಹುಡುಗರಿಗೆ ಹೀಗೆ ಹೇಳಿಕೊಡುತ್ತೇನೆ:
ಎಲ್ಲೋ ಕಿಡಿ ಹಾರಿತು ಅನ್ನಿ.
ಮುಂದೆಯೋ ಹಿಂದೆಯೋ, ಅಷ್ಟು ರಿಲೇಗೆ ಗೊತ್ತು.
ಎಷ್ಟು ಮುಂದೆ, ನಮ್ಮ ತಂತಿಯಲ್ಲೋ
ಸುಯುನ್‌ಬೆಕ್‌ನ ಬೆನ್ನ ಹಿಂದೋ, ಅದು ತಿಳಿಯದು.
ಬೆನ್ನ ಹಿಂದಾದರೆ ಅವನ ಪೆಟ್ಟಿಗೆ ಕೂಗುತ್ತದೆ:
ಬೇಡ, ಕಡಿಯಬೇಡ, ಇದು ನಮ್ಮ ಮನೆಯ ಜಗಳವಲ್ಲ.
ಕೇಳಿದರೆ ನನ್ನ ಬ್ರೇಕರ್ ಕೈಕಟ್ಟಿ ನಿಲ್ಲುತ್ತದೆ.
ಕೇಳದಿದ್ದರೆ, ರೆಪ್ಪೆ ಬಡಿಯುವುದರೊಳಗೆ,
ಧಡ್.

‘ಕೂಗದಿದ್ದರೆ ಒಪ್ಪಿದ ಹಾಗೆಯೇ?’ ಕೇಳಿದ ಒಬ್ಬ, ಕಿವಿ ಕೆಂಪಗಿನ ಹುಡುಗ.
ಹೌದಪ್ಪ. ಸಾಯುತ್ತಿರುವ ತಂತಿಯ ಕೈಲೇ
ತಂತಿ ಸತ್ತಿತು ಅಂತ ಹೇಳಿಕಳಿಸುವುದು ಹೇಗೆ?
ಅದಕ್ಕೇ ಇಲ್ಲಿ ಮೌನ ಸಮ್ಮತಿ.

ಈ ಮಾತು ಬಂದಾಗೆಲ್ಲ ಕೈ ಕಿವಿಗೆ ಹೋಗುತ್ತದೆ.
ಹತ್ತೊಂಬತ್ತು ನನಗೆ. ಟೀ ಬಟ್ಟಲು ಹಿಡಿದು ಬಾಗಿಲಲ್ಲಿದ್ದೆ.
ಯಾರದೋ ತಾಯಿ ಎದ್ದು ಬಂದು ಬೆಳ್ಳಿ ಓಲೆ ತೊಡಿಸಿದಳು.
ಬೇಡ ಅನ್ನಲಿಲ್ಲವಲ್ಲ ಹುಡುಗಿ, ಅಂದರು ಹಿರಿಯರು.
ಅಂದಿದ್ದೆನೇನೋ.
ಸಮೋವರ್ ಕುದಿಯುತ್ತಿತ್ತು.

ಜನವರಿಯಲ್ಲಿ ತಂತಿಗೆ ಹಿಮದ ಗಡ್ಡ ಬೆಳೆಯುತ್ತದೆ.
ಗಡ್ಡದಲ್ಲಿ ಸಿಕ್ಕಿ ಶಿಳ್ಳೆ ಸೊರಗುತ್ತದೆ.
ಹನ್ನೊಂದು. ಎಂಟು. ಒಂದು ಗುರುವಾರ ಐದು.
ಅಂಚಿನಲ್ಲಿ ಪೆನ್ಸಿಲಿನಿಂದ ‘ಹಿಮ’ ಎಂದು ಬರೆದೆ.
ಮೇಲಿನವರಿಗೆ ಫೋನ್ ಮಾಡಿದೆ. ಊಟಕ್ಕೆ ಹೋಗಿದ್ದರು.
ಆ ರಾತ್ರಿ ಅವನಿಂದಾಚೆ ಹಿಮ ಜಾರಿ
ಒಂದು ಕಂಬ ಸದ್ದಿಲ್ಲದೆ ಮಲಗಿತು.
ಅವನ ಪೆಟ್ಟಿಗೆ ಬೇಡ ಬೇಡ ಎಂದು ಬಡಿದುಕೊಂಡಿದೆ,
ಅವನ ಕಡೆಯ ಕಾಗದದಲ್ಲಿ ಗೆರೆ ಎದ್ದುನಿಂತಿದೆ, ನಾನೇ ನೋಡಿದೆ.
ನನ್ನ ಕಾಗದದಲ್ಲಿ ಅದೇ ಗಳಿಗೆ ಬೋಳು.

ಒಂಬತ್ತು ಗಂಟೆ ಕತ್ತಲು.
ಶಾಲೆಯ ನೀರಿನ ಪೈಪು ಬಿರಿಯಿತು.
ರೊಟ್ಟಿಯಂಗಡಿಯ ಬಾಕ್ತಿಗುಲ್ ಮೂರು ತೊಟ್ಟಿ ಹಿಟ್ಟು
ದನಕ್ಕೆ ಹಾಕಿ ನನ್ನನ್ನು ಹೆಸರು ಹಿಡಿದು ಬೈದಳಂತೆ.
ಎರಡೂ ರಿಲೇ ತಮ್ಮ ಕೆಲಸ ಸರಿಯಾಗಿಯೇ ಮಾಡಿವೆ ಎಂದು ಬರೆದು
ತನಿಖೆಗೆ ಬಂದ ಮೂವರು ಕುರಿಮಾಂಸ ಉಂಡು ಹೋದರು.
ಸುಳ್ಳೇನಲ್ಲ ಅದು.
ಆದರೂ ಶುಕ್ರವಾರ ಗುಂಡಿಯನ್ನು ಎರಡು ಸಲ ಒತ್ತಿದೆ.
ಅವನೂ ಎರಡು ಸಲ ಒತ್ತಿದ.
ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಈಗ ಕಂಬಗಳ ನೆತ್ತಿಯ ಮೇಲೆ ಗಾಜಿನ ಎಳೆ ಬಂದಿದೆ.
ಲೆಕ್ಕ ತಿರುವುಮುರುವು:
‘ನನಗೆ ಮುಂದೆ ಕಂಡಿತು, ನಿನಗೆ?’
‘ನನಗೂ ಮುಂದೆಯೇ.’
ಇಬ್ಬರೂ ಬಾಯಿಬಿಟ್ಟು ಅಂದರೆ ಮಾತ್ರ ತಕ್ಷಣ ಕಡಿತ.
ಮೌನಕ್ಕೆ ಯಾವ ಅರ್ಥವನ್ನೂ ಹಚ್ಚುವಂತಿಲ್ಲ.
ಗಾಜಿಗೆ ಹಿಮದ ಹಂಗಿಲ್ಲ. ಹಿಮ ಬಿದ್ದದ್ದೂ ಅದಕ್ಕೆ ಗೊತ್ತಾಗುವುದಿಲ್ಲ.
ಹಳೆಯ ಮೀಟರನ್ನು ಯಾರೂ ಬಿಚ್ಚಿಲ್ಲ.
ಎಂಟಕ್ಕೆ ಕಣ್ಣು ಅತ್ತ ಹೋಗುತ್ತದೆ, ಚಾಳಿ.

ಹೋದ ವಾರ ತಂಗಿಯ ಮಗಳು ಆಯ್‌ಗೆರಿಮ್‌ಗೆ
ಓಲೆ ಹಿಡಿದುಕೊಂಡು ಬಂದಿದ್ದರು.
ಕುದುರೆಗಳ ಮಾತು, ಬೀಗರ ಮಾತು, ಡೀಸೆಲ್ಲಿನ ಬೆಲೆ.
ಹುಡುಗಿ ಬಟ್ಟಲು ಹಿಡಿದು ಬಾಗಿಲಲ್ಲಿ.
ನಾನು ಎದ್ದು ಹೋಗಿ
ಸಮೋವರ್ ಆರಿಸಿದೆ.