ಕಡ ಬಂದ ಮಣ್ಣು

ತನಿಯ ನಾಯ್ಕರ ಬೆಟ್ಟುಗದ್ದೆ ಮೇಲೆ,
ನನ್ನ ಬೈಲು ಕೆಳಗೆ.
ನಡುವೆ ಒಂದು ತೋಡು, ಮೂರು ಗೇರುಮರ,
ಮತ್ತೆ ಮೂವತ್ತು ಮಳೆಗಾಲ.

ಮೊದಮೊದಲು ಬಂದದ್ದು ಹಿಟ್ಟು.
ಆಟಿ ತಿಂಗಳ ರಾತ್ರಿ ಸದ್ದಿಲ್ಲದೆ ಇಳಿದು
ಬೆಳಿಗ್ಗೆ ನನ್ನ ಗದ್ದೆಯಲ್ಲಿ ಮಲಗಿರುತ್ತಿತ್ತು,
ನುಣ್ಣಗೆ, ಕಪ್ಪುಗೆಂಪು,
ಕಾಲಿಟ್ಟರೆ ಮೀನಖಂಡದವರೆಗೆ ತಂಪು.
ಎಷ್ಟೋ ವರ್ಷ ಗೊಬ್ಬರವಿಲ್ಲದೆ
ಮುಡಿಗೆ ಮುಡಿ ಭತ್ತ.
ದೇವರು ಕೊಟ್ಟ ಅಂದೆ ಶಿರ್ವದ ಇಗರ್ಜಿಯಲ್ಲಿ,
ಮೊಂತಿ ಹಬ್ಬಕ್ಕೆ ದಪ್ಪ ತೆನೆ ನೋಡಿ ಒಯ್ದೆ.
ಕೊಟ್ಟವರು ತನಿಯ ನಾಯ್ಕರು.
ಕೊಡುತ್ತಿದ್ದೇನೆಂದು ಅವರಿಗೂ ಗೊತ್ತಿರಲಿಲ್ಲ.

ಆಮೇಲೆ ಬಂದದ್ದು ತರಿ.
ಆಮೇಲೆ ಮುರಕಲ್ಲಿನ ಹರಳು,
ಕಡಲೆಯಷ್ಟು, ನೆಲ್ಲಿಕಾಯಿಯಷ್ಟು.
ಟಿಲ್ಲರಿನ ಹಲ್ಲು ಕಿರುಚಿತು.
ನೇಜಿ ನೆಡುವ ಹೆಂಗಸರು
ಸೀಳಿದ ಉಗುರು ತೋರಿಸಿ ಬೈದರು.
ಕೊಯ್ಲು ಮುಗಿದದ್ದೇ ಗುಡ್ಡ ಹತ್ತಿದೆ,
ಹೆಗಲಲ್ಲಿ ಹರಳಿನ ಚೀಲ,
ಅವರ ಅಂಗಳಕ್ಕೇ ಸುರಿಯುವೆನೆಂದು.

ಅವರು ಹುರುಳಿ ಬಿತ್ತುತ್ತಿದ್ದರು.
ಬಿತ್ತುತ್ತಿದ್ದರು ಅನ್ನಬೇಕೋ,
ಪಾರೆಯ ಮೇಲೆ ಕಾಳು ಚೆಲ್ಲುತ್ತಿದ್ದರು.
ಬೆರಳು ಊರಿದರೆ ಎರಡನೇ ಗೆಣ್ಣಿಗೆ ಕಲ್ಲು.
ಗೇರುಮರ ಬರಿಬೇರಿನ ಮೇಲೆ
ಕುಕ್ಕುರುಗಾಲಲ್ಲಿ ಕೂತಿತ್ತು.
"ಏನು ಪೊರ್ಬುಗಳೇ, ಚೀಲದಲ್ಲಿ?"
"ನಿಮ್ಮದೇ" ಅಂದೆ.
ಒಂದು ಹರಳೆತ್ತಿ, ತಿರುಗಿಸಿ ನೋಡಿ,
"ಇದು ಕಡೆಯದ್ದು. ಮೊದಲು ಬಂದದ್ದೆಲ್ಲಿ?" ಅಂದರು,
ಜಗಳವಿಲ್ಲದೆ, ದಾರಿ ಕೇಳಿದ ಹಾಗೆ.

ನನ್ನ ಬಾಯಲ್ಲಿ ಮೂವತ್ತು ವರ್ಷದ ಅನ್ನ.

ಮಣ್ಣನ್ನು ಹೊತ್ತು ಹಿಂದೆ ಕೊಡಲಾಗುವುದಿಲ್ಲ.
ಕೊಟ್ಟು ನೋಡಿದ್ದೇನೆ:
ಇಪ್ಪತ್ತೆರಡು ಬುಟ್ಟಿ, ಎರಡು ದಿನ, ಎವ್ಲಿನಳ ಸೊಂಟನೋವು.
ಬೊಂತೆಲಿನ ಒಂದೇ ಗುಡುಗುಮಳೆ,
ಮತ್ತೆ ನನ್ನ ಬೈಲಿನಲ್ಲಿ.

ಹಾಗಾಗಿ ನೀರಿಗೇ ಅಡ್ಡ ಕೂತೆವು.
ಗಾರೆಯವರ ಮಟ್ಟದ ಪೈಪು ಬೇಡಿ ತಂದು
ಆ ತುದಿ ಅವರು, ಈ ತುದಿ ನಾನು,
ಗುಡ್ಡದ ಸೊಂಟಕ್ಕೆ ಉಡಿದಾರ ಕಟ್ಟಿದಂತೆ
ಅಗಳು ತೋಡಿದೆವು, ಒಂದರ ಕೆಳಗೊಂದು.
ನಾನು ಹೊತ್ತು ತಂದ ಹರಳು
ಕೆಳದಂಡೆಗೆ ಕಟ್ಟವಾಯಿತು.
ಅದರ ಮೇಲೆ ಲಾವಂಚದ ಬುಡ, ಗೇಣಿಗೊಂದು.
ಪ್ರತಿವರ್ಷ ಸುಡುತ್ತಿದ್ದ ಗೇರಿನ ತರಗೆಲೆಗೆ
ಕಡ್ಡಿ ಗೀರಲಿಲ್ಲ, ಇಡೀ ಗದ್ದೆಗೆ ಹೊದೆಸಿದೆವು.
"ಗುಡ್ಡಕ್ಕೆ ಚಳಿಯಾ?" ಕೇಳಿದ
ಹಾಲಿನ ಡೈರಿಯಲ್ಲಿ ಸರತಿ ನಿಂತ ಯಾರೋ.

ಈ ಆಟಿಯಲ್ಲಿ ನಾಲ್ಕು ದಿನ ಬಿಡದೆ ಹೊಯ್ದಿತು.
ರಾತ್ರಿ ಟಾರ್ಚು ಹಿಡಿದು ಹತ್ತಿದೆ.
ಅವರು ಮೊದಲೇ ಅಲ್ಲಿದ್ದರು, ಗೊರಬು ಹೊದ್ದು.
ಎರಡನೇ ಅಗಳು ಒಡೆದಿತ್ತು.
ಮೂರನೆಯದು ತುಂಬಿ, ನಿಂತು,
ಯೋಚಿಸುತ್ತಿತ್ತು.
ಮಾತಾಡಲಿಲ್ಲ. ಹಾರೆ ಎತ್ತಿದೆವು.

ತೋಡು ಇನ್ನೂ ಕೆಂಪೇ.
ಉದ್ಯಾವರದ ಸೇತುವೆಯಲ್ಲಿ ಬಸ್ಸಿನಿಂದ ಇಣುಕಿದರೆ
ಹೊಳೆಯೂ ಕೆಂಪು,
ಯಾವ ಯಾವ ಊರಿನ ಹಿಟ್ಟೋ, ಕಡಲ ಬಾಯಿಗೆ.

ಮೊನ್ನೆ ತರಗೆಲೆ ಸರಿಸಿ
ತನಿಯ ನಾಯ್ಕರು ಬೆರಳು ಊರಿದರು.
ಎರಡನೇ ಗೆಣ್ಣು ದಾಟಿತು,
ಅರ್ಧ ಅಕ್ಕಿಕಾಳಿನಷ್ಟು.
ಎರೆಹುಳು ಒಂದು, ಬೆಳಕಿಗೆ ಬೇಸರಪಟ್ಟು, ಒಳಗೆ ಜಾರಿತು.
ಬೆರಳು ಮೂಸಿದರು.
ನನ್ನ ಮೂಗಿಗೂ ಹಿಡಿದು,
"ನೋಡಿ ಪೊರ್ಬುಗಳೇ,
ನಿಮ್ಮ ಗದ್ದೆಯ ವಾಸನೆ."