ಮೊದಲು ಸವೆದದ್ದು

ಈಳಿಗೆಮಣೆ ಕೊಳ್ಳುವಾಗ ನನ್ನ ಸೋದರತ್ತೆ
ಅಂಗಡಿಯವನ ಮಾತಿಗೆ ಕಿವಿಗೊಡುತ್ತಿರಲಿಲ್ಲ.
ಅಲಗಿಗೆ ಹೆಬ್ಬೆರಳು ಅಡ್ಡ ಸವರಿ,
ಮಣೆಯ ಮೇಲೊಮ್ಮೆ ಕೂತು ನೋಡಿ,
ಕಾಲು ಅಲುಗಿತೋ, ಎದ್ದು ನಡೆದೇಬಿಡುವಳು.

ಜೀಲಾಂಗಿನ ಈ ಸಂದಿಯಂಗಡಿಯಲ್ಲಿ
ಕೊಲ್ಲಿಯ ಉಪ್ಪುಗಾಳಿ ಬಾಗಿಲು ಬಡಿಯುವ ಮಧ್ಯಾಹ್ನ
ನಾನೂ ಹಾಗೇ ಒಂದೊಂದನ್ನೇ ಎತ್ತಿ, ಮಗುಚಿ,
ಕೀಲಿಮಣೆ ನೋಡುತ್ತಿದ್ದೇನೆ.

ಟೋಮಿಸ್ಲಾವನಿಗೆ ಮಾರುವ ಆತುರವಿಲ್ಲ.
ಮೂವತ್ತು ವರ್ಷ ಕಾರಿನ ಕಾರ್ಖಾನೆಯಲ್ಲಿ ಸ್ಪ್ರಿಂಗು ಕೂರಿಸಿದವನು;
ಅದು ಮುಚ್ಚಿತು, ಸ್ಪ್ರಿಂಗು ಸಣ್ಣದಾಯಿತು, ಅಷ್ಟೇ ಎನ್ನುತ್ತಾನೆ.
ಹಲಗೆಯ ಮೇಲೆ ಸ್ವಿಚ್ಚುಗಳ ಸಾಲು.
ನೀಲಿ: ಒತ್ತಿದರೆ ಚಟ್, ಎಣ್ಣೆಗೆ ಬಿದ್ದ ಸಾಸಿವೆ.
ಕೆಂಪು: ಎಲ್ಲೂ ತಡೆಯಿಲ್ಲ, ಬೆಣ್ಣೆಗೆ ಬೆರಳಿಟ್ಟ ಹಾಗೆ,
ಮನಸ್ಸಿನಲ್ಲಿದ್ದುದಕ್ಕಿಂತ ಒಂದಕ್ಷರ ಹೆಚ್ಚೇ ಬಿದ್ದೀತು.
ಕಂದು: ಅರ್ಧ ದಾರಿಯಲ್ಲೊಂದು ಪುಟ್ಟ ದಿಬ್ಬ,
'ಖಾತ್ರಿ ತಾನೆ?' ಎಂದು ಕೇಳಿ
ಆಮೇಲೆ ದಾಟಲು ಬಿಡುತ್ತದೆ.

"ನಲವತ್ತೈದು ಗ್ರಾಂ ಭಾರ ಸಾಕು ಇದಕ್ಕೆ" ಎಂದ.
ಮನಸ್ಸಿನಲ್ಲೇ ತೂಗಿದೆ: ಒಂದು ಸಣ್ಣ ನಿಂಬೆಹಣ್ಣು.
ದಿನಕ್ಕೆ ಇಪ್ಪತ್ತು ಸಾವಿರ ನಿಂಬೆಹಣ್ಣು.
ಬಲಗೈ ಕಿರುಬೆರಳು ಈಗಾಗಲೇ ರಜೆ ಕೇಳುತ್ತಿದೆ.

ನಾನು ಬರೆಯುವುದು ದೊಡ್ಡ ಬರಹವೇನಲ್ಲ.
ಆಸ್ಪತ್ರೆಯ ಚೀಟಿಗಳನ್ನು ಕನ್ನಡಕ್ಕೆ ತರುತ್ತೇನೆ.
ರಕ್ತ ಕೊಡುವ ಮುಂಚೆ ಎಂಟು ಗಂಟೆ ಏನೂ ತಿನ್ನಬೇಡಿ.
ಹೊಲಿಗೆ ಒದ್ದೆಯಾಗದಿರಲಿ.
ಕೆಮ್ಮು ಹೆಚ್ಚಿದರೆ ಸೋಮವಾರದ ತನಕ ಕಾಯಬೇಡಿ.
ಓದುವವರು ಎಷ್ಟು ಮಂದಿಯೋ ಗೊತ್ತಿಲ್ಲ.
ಮಗಳ ಬಾಣಂತನಕ್ಕೆ ಬಂದು
ಸೊಂಟ ಮುರಿದುಕೊಂಡ ಒಬ್ಬರಾದರೂ ಇದ್ದಾರು,
ಅವರೆದುರು ಕಾಗುಣಿತ ತಪ್ಪಬಾರದು.

"ಹಳೆಯದು ತಂದಿದ್ದೀರಾ?"
ಚೀಲದಿಂದ ತೆಗೆದುಕೊಟ್ಟೆ.
ಕನ್ನಡಕ ಇಳಿಸಿ, ವೈದ್ಯರು ನಾಲಗೆ ನೋಡುವಂತೆ ನೋಡಿದ.
"ಈ ಊರಿನಲ್ಲಿ ಎಲ್ಲರದೂ 'ಇ' ಸವೆಯುತ್ತದೆ.
ನಿಮ್ಮದರಲ್ಲಿ 'ಎಫ್' ಬೋಳಾಗಿದೆ.
ಎಫ್‌ನಿಂದ ಶುರುವಾಗುವ ಮಾತು ಅಷ್ಟೊಂದಿವೆಯೇ ನಿಮ್ಮಲ್ಲಿ?"

ಒಂದೂ ಇಲ್ಲ ಎಂದೆ.
ನಮಗದು ಅಕ್ಷರವೇ ಅಲ್ಲ,
ಅಕ್ಷರಕ್ಕೆ ಅಕ್ಷರ ಬೆಸೆಯುವ ಕೀಲಿ;
ಒತ್ತು ಬೇಕಾದಾಗ ಒತ್ತುವುದು.
ತೋರಿಸಲೆಂದು ಅವನ ಮಣೆಯ ಮೇಲೆ 'ಅಮ್ಮ' ಎಂದು ಹೊಡೆದೆ.
ಎ, ಎಂ, ಎಫ್, ಎಂ:
ಇಂಗ್ಲಿಷಿನ ಪರದೆಯಲ್ಲಿ ನಾಲ್ಕು ಬಿಡಿ ಮೊಳೆ.
ಮನೆಯಲ್ಲಾಗಿದ್ದರೆ ಎಫ್ ಕಾಣುತ್ತಿರಲೇ ಇಲ್ಲ,
ಎರಡನೆಯ 'ಮ' ಮೊದಲನೆಯದರ ಕೆಳಗೆ ಹೋಗಿ
ತೆಪ್ಪಗೆ ಕೂರುತ್ತಿತ್ತು.
ರಕ್ತಕ್ಕೆ ಒಂದು, ಕೆಮ್ಮಿಗೆ ಒಂದು,
ಆಸ್ಪತ್ರೆಗೆ ಎರಡು ಸಲ ಬೇಕು ಅದು.

ಅವನು ಗಲ್ಲ ಕೆರೆದುಕೊಂಡ.
"ವಾಷರು" ಎಂದ. "ಕಾರಿನಲ್ಲೂ ಹೀಗೇ.
ಯಾರೂ ನೋಡದ ವಾಷರೇ ಮೊದಲು ಹೋಗುವುದು."

ಕೊನೆಗೆ ಕಂದಿಗೇ ಮಣೆ ಹಾಕಿದೆ.
ಎಫ್ ಕೆಳಗೆ ಮಾತ್ರ ಒಂದೇ ಒಂದು ನೀಲಿ ಕೂರಿಸಿಕೊಡಿ ಎಂದೆ.
ಯಾಕೆ ಎಂದು ಅವನು ಕೇಳಲಿಲ್ಲ.
ಸೋದರತ್ತೆಯ ನೆನಪಿಗೆ ಚೌಕಾಸಿಯನ್ನೂ ಮಾಡಿದೆ:
ಇನ್ನೂರ ಮೂವತ್ತು ಡಾಲರಿನಲ್ಲಿ ಎಂಬತ್ತು ಸೆಂಟು ಬಿಟ್ಟ.

ರಾತ್ರಿ, ಮೂತ್ರಪಿಂಡದ ಕಲ್ಲಿನ ಚೀಟಿ.
ದಿನಕ್ಕೆ, ಚಟ್. ಹತ್ತು, ಚಟ್.
ಲೋಟ ನೀರು ಸದ್ದಿಲ್ಲದೆ ಇಳಿಯಿತು.

"ಹಲ್ಲಿ ಲೊಚಗುಟ್ಟಿತಾ?" ಒಳಗಿನಿಂದ ವಾಮನ, ಅರೆನಿದ್ದೆಯಲ್ಲಿ.
ಈ ಚಳಿಯಲ್ಲಿ ಎಲ್ಲಿಯ ಹಲ್ಲಿ, ಮಲಗು ಎಂದೆ.
ಮುಂದಿನ ಸಾಲು ಹೊಡೆದೆ:
ನೋವು ಕಡಿಮೆಯಾಗುತ್ತದೆ.
ಚಟ್.
ಮಂಚದ ಹಲಗೆಗೆ ಅವನ ಬೆರಳು
ಎರಡು ಸಲ ತಟ್ಟಿದ್ದು ಕೇಳಿಸಿತು.